ಬೆಕ್ಕಿಗೆ ಯಾರ ಕಣ್ಣು

ನಮ್ಮೂರಿನಲ್ಲಿ ಹಕ್ಕಿಯನ್ನು ಯಾರು ಬೇಕಾದರೂ ಬರೆಯಬಹುದು, ಬೆಕ್ಕನ್ನು ಬರೆಯುವವರು ಮಾತ್ರ ನಮ್ಮ ಮನೆಯವರು. ಹಕ್ಕಿ ಬರೆದ ಗೋಡೆಗೆ ಬೆಕ್ಕು ಬರೆಸದೆ ಮಲಗಿದರೆ ಬೆಳಗ್ಗೆ ಎದ್ದಾಗ ಗೋಡೆ ಬೋಳು. ಹಾಗಾಗಿ ಮದುವೆ ಮನೆಯವರು ಬಾಗಿಲ ಎರಡೂ ಕಡೆ ಗಿಳಿ ಬರೆಸಿ, ಪಕ್ಕದಲ್ಲಿ ಗೇಣು ಜಾಗ ಬಿಟ್ಟು, ಎಲೆ ಅಡಿಕೆ ಹಿಡಿದುಕೊಂಡು ಅಪ್ಪನನ್ನು ಕರೆಯಲು ಬರುತ್ತಾರೆ. ಅಂಗಳದ ರಂಗೋಲಿಗೆ ಮಾತ್ರ ಈ ಕಟ್ಟಳೆಯಿಲ್ಲ. ಅದರ ಹಂಸಗಳು ಬಿಸಿಲೇರುವಷ್ಟರಲ್ಲಿ ಎದ್ದು ಹೋದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನಾಳೆ ಹೇಗೂ ಗುಡಿಸಿ ಬೇರೆ ಹಾಕಬೇಕಲ್ಲ. ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಒಮ್ಮೆ ನಮ್ಮ ಒಂದನೇ ಕ್ಲಾಸಿನ ಗೋಡೆಗೆ ಅಕ್ಷರಮಾಲೆಯ ಪಟ ತೂಗುಹಾಕಿ ಮನೆಗೆ ಹೋದರು. ಮರುದಿನ ನೋಡಿದರೆ ಗ ಅಕ್ಷರದ ಕೆಳಗೆ ಗಿಳಿಯಿಲ್ಲ, ನ ಅಕ್ಷರದ ಕೆಳಗೆ ನವಿಲಿಲ್ಲ. ಬ ಅಕ್ಷರದ ಬಾತುಕೋಳಿಯೊಂದು ಮಾತ್ರ, ಹಾರಲು ಬೇಜಾರಾಗಿಯೋ ಏನೋ, ಅಲ್ಲೇ ಕೂತಿತ್ತು. ಮೇಷ್ಟ್ರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಯಾರು ಕತ್ತರಿಸಿದ್ದು ಎಂದು ಗದರಿದರು. ಒಬ್ಬ ಹುಡುಗಿ ಮುಂದೆ ಬಂದು, "ಸಾರ್, ನೀವು ಬೆಕ್ಕು ಬರೆಸಿಲ್ಲ" ಎಂದಳು, ಹೋಮ್‌ವರ್ಕ್ ಮಾಡಿಲ್ಲ ಅನ್ನುವ ಹಾಗೆ. ಆ ಹುಡುಗಿ ಚಂಪಾ. ಅವಳ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದವಳು ನಾನು.

ಚಂಪಾಳ ಅಪ್ಪ ಹಾಲೇಶಮಾವನದು ಮಂಡಕ್ಕಿ ಭಟ್ಟಿ. ಮುಂದೆ ಭಟ್ಟಿ, ಹಿಂದೆ ಮನೆ. ಮನೆಯೊಳಗೆ ಎಲ್ಲಿ ಕೂತರೂ ಕಾದ ಮರಳಿನ ವಾಸನೆ. ಅವರ ಜಗಲಿಕಲ್ಲಿನ ಮೇಲೆ ಬೆಕ್ಕು-ಹಕ್ಕಿ ಆಟದ ಗೆರೆ ಕೊರೆದಿತ್ತು. ಒಂದು ಗಜ್ಜುಗ ಬೆಕ್ಕು, ಹುಣಸೆಬೀಜಗಳೆಲ್ಲ ಹಕ್ಕಿ. ಈ ಆಟದಲ್ಲಿ ಬೆಕ್ಕು ಯಾರನ್ನೂ ಹೊಡೆಯುವುದಿಲ್ಲ. ಅದು ಕೂತ ಗೆರೆಯ ಮೇಲಿರುವ ಹಕ್ಕಿ ಕದಲುವಂತಿಲ್ಲ, ಅಷ್ಟೆ. ನಾನು ಯಾವಾಗಲೂ ಬೆಕ್ಕು. ಸಿಕ್ಕಿಬಿದ್ದಾಗಲೆಲ್ಲ ಚಂಪಾ "ಬೆಕ್ಕು ಕಣ್ಣು ಮಿಟುಕಿಸ್ತು! ನಾ ನೋಡ್ದೆ!" ಎಂದು ಕೂಗಿ, ತನ್ನ ಹುಣಸೆಬೀಜವನ್ನು ಪಕ್ಕದ ಗೆರೆಗೆ ಹಾರಿಸಿಬಿಡುತ್ತಿದ್ದಳು. ಗಜ್ಜುಗ ಹೇಗೆ ಕಣ್ಣು ಮಿಟುಕಿಸುತ್ತದೆ ಎಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಅವಳೇ ಒಂದು ದಿನ ಭಟ್ಟಿಯಿಂದ ಇದ್ದಿಲು ತಂದು ಅಡುಗೆಮನೆಯ ಗೋಡೆಗೆ ಒಂದು ಹಕ್ಕಿ ಬರೆದಳು. ಕಾಗೆಯ ಕೊಕ್ಕು, ಹುಂಜದ ಬಾಲ, ಮೂರು ಕಾಲು. ಮೂರನೇ ಕಾಲು ಯಾಕೆ ಎಂದು ನಾನು ಬೆರಳು ತೋರಿಸಿದ್ದಕ್ಕೆ "ನಿಂಗ್ಯಾಕೆ?" ಎಂದಳು. ಸಂಜೆ ಅಪ್ಪ ಬಂದು ಪಕ್ಕದಲ್ಲಿ ಬೆಕ್ಕು ಬರೆದ. ಆಮೇಲಿನ ವರ್ಷ ಊರಿಗೆಲ್ಲ ಬಂದ ಜ್ವರ ಚಂಪಾಳಿಗೂ ಬಂತು. ಎಲ್ಲರದೂ ಇಳಿಯಿತು, ಅವಳದು ಇಳಿಯಲಿಲ್ಲ. ಹಕ್ಕಿ ಉಳಿಯಿತು. ಚಂಪಾಳ ಅವ್ವ ರೇವತ್ತೆಗೆ ಅಂದಿನಿಂದ ಅಡುಗೆ ಮಾಡುತ್ತ ಅದರೊಂದಿಗೇ ಮಾತು. ಸಾರಿಗೆ ಉಪ್ಪು ಸಾಕಾ ಎಂದು ಅದನ್ನು ಕೇಳಿ, ಅದೇನು ಹೇಳಿತೋ, ಇನ್ನೊಂದು ಚಿಟಿಕೆ ಹಾಕುತ್ತಿದ್ದರು.

ಬೆಕ್ಕಿನ ಮೈ, ಬಾಲ, ಮೀಸೆ ಬರೆಯುವುದು ಕೈಗೆ ಬಿಟ್ಟದ್ದು, ಅಭ್ಯಾಸದಿಂದ ಬರುತ್ತದೆ. ಕಣ್ಣು ಹಾಗಲ್ಲ. ಆ ಹಕ್ಕಿ ಆ ಮನೆಯಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನು ಎದುರಿಗೆ ಕೂರಿಸಿಕೊಳ್ಳಬೇಕು. ನಾವು ಹಕ್ಕಿಗೆ ಬೆನ್ನು ಮಾಡಿ ಕೂರಬೇಕು. ಅವರು ನಮ್ಮ ಹೆಗಲ ಮೇಲಿಂದ ಹಕ್ಕಿಯನ್ನು ನೋಡುವಾಗ ಆ ಕಣ್ಣನ್ನು ನಾವು ನೋಡಿಕೊಂಡು, ತಿರುಗಿ ಬೆಕ್ಕಿಗೆ ಇಡಬೇಕು. ಇದಕ್ಕೆ ನಮ್ಮಲ್ಲಿ ಕಣ್ಣು ಕೇಳುವುದು ಅನ್ನುತ್ತಾರೆ. ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮೇಲೆ ಬೆಕ್ಕಿನ ಮೈ ಬರೆಯುವ ಕೆಲಸವೆಲ್ಲ ನನ್ನದೇ ಆಗಿತ್ತು. ಕಣ್ಣಿನ ಜಾಗ ಬಂದಾಗ ಕುಂಚ ಅಪ್ಪನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಮನುಷ್ಯರ ಮುಖ ನೋಡಲು ನನಗೆ ಆಗುವುದಿಲ್ಲ. ಊರಿನ ಅರ್ಧ ಜನರನ್ನು ನಾನು ಗುರುತು ಹಿಡಿಯುವುದು ಅವರ ಚಪ್ಪಲಿಯಿಂದ, ಕಾಲುಂಗುರದಿಂದ, ಹಿಮ್ಮಡಿಯ ಬಿರುಕಿನಿಂದ. ಕಾಲೇಜಿನಲ್ಲಿ ಮೂರು ವರ್ಷ ಪಾಠ ಹೇಳಿದ ಮೇಡಂ ಬೀಳ್ಕೊಡುಗೆಯ ದಿನ ನನ್ನನ್ನು "ನೀನು ಯಾರ ಜೊತೆ ಬಂದಿದ್ದೀಯಮ್ಮಾ?" ಎಂದು ಕೇಳಿದ್ದರು.

ರೇವತ್ತೆ ನಮ್ಮ ಮನೆಗೆ ಬಂದದ್ದು ಒಂದು ಬೆಳಗ್ಗೆ, ಬೀದಿಯ ಗೋಡೆಗಳನ್ನು ಸವರುತ್ತ. ಅವರ ಕಣ್ಣಿನ ನರ ಒಣಗುತ್ತಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿ ಆಗಲೇ ತುಂಬ ದಿನವಾಗಿತ್ತು. ಅಡುಗೆಮನೆಯ ಬೆಕ್ಕಿಗೆ ಅಪ್ಪ ಅವತ್ತು ಇಟ್ಟದ್ದು ಅವರ ಕಣ್ಣನ್ನೇ. ಕಣ್ಣು ಕೊಟ್ಟವರಿಗೆ ಮಂಜು ಕವಿದರೆ ಬೆಕ್ಕಿನ ಕಣ್ಣಿಗೂ ಕವಿಯುತ್ತದೆ.

"ಆಚಾರ್ರೇ, ಹಕ್ಕಿ ಹೊರಟಿದೆ" ಎಂದರು ಅವರು, ಕೂರುವ ಮೊದಲೇ.

"ಎಲ್ಲಿಗೆ ಬಂದಿದೆ?" ಅಪ್ಪ ಕೇಳಿದ.

"ಕಿಟಕಿಗೆ ಇನ್ನೊಂದು ಗೇಣು. ದಿನಾ ಇಷ್ಟಿಷ್ಟೇ ಸರೀತಿದೆ, ನಾವು ಆ ಕಡೆ ತಿರುಗಿದಾಗ. ನಂಗೆ ಕಾಣಲ್ಲ, ಆದ್ರೆ ಕೈ ಇಟ್ರೆ ಬೆಚ್ಚಗಿರುತ್ತಲ್ಲ, ಗೊತ್ತಾಗುತ್ತೆ. ಬಂದು ಬೆಕ್ಕಿಗೆ ಬೇರೆ ಕಣ್ಣು ಇಟ್ಟುಕೊಡಿ. ಅದೂ ಹೋದ್ರೆ ಆ ಮನೇಲಿ ನಾ ಯಾರ ಜೊತೆ ಮಾತಾಡ್ಲಿ?"

ಅಪ್ಪ ಉತ್ತರಿಸುವ ಬದಲು ಮುಂದಿದ್ದ ಟೀ ಲೋಟ ಎತ್ತಿದ. ಅದು ತುಟಿ ಮುಟ್ಟುವಷ್ಟರಲ್ಲಿ ಅರ್ಧ ಟೀ ಪಂಚೆಯ ಮೇಲಿತ್ತು. ಆ ವರ್ಷ ಅವನ ಕೈನಡುಕ ಹೆಚ್ಚಾಗಿತ್ತು. ರೇವತ್ತೆಗೆ ಕಾಣಲಿಲ್ಲ, ಆದರೆ ಲೋಟ ನೆಲಕ್ಕೆ ತಾಗಿ ಕಟಕಟ ಅಂದದ್ದು ಕೇಳಿಸಿರಬೇಕು.

"ಮಂದಾ ಬರ್ತಾಳೆ" ಎಂದ ಅಪ್ಪ, ನನ್ನ ಕಡೆ ತಿರುಗಿ.

"ಮಂದಾನಾ? ಅದು ಮಾತೇ ಆಡಲ್ವಲ್ಲ!"

"ಬೆಕ್ಕೂ ಮಾತಾಡಲ್ಲ ರೇವಕ್ಕ."

ಅವರು ಹೋದ ಮೇಲೆ ನಾನು "ಅಪ್ಪಾ, ಕಣ್ಣು..." ಎಂದೆ. ಅಪ್ಪ ಪಂಚೆ ಒರೆಸಿಕೊಳ್ಳುತ್ತ, "ಇಷ್ಟು ವರ್ಷ ಇಡೀ ಬೆಕ್ಕು ಬರೆದಿದ್ದೀಯ. ಉಳಿದಿರೋದು ಎರಡೇ ಕಣ್ಣು" ಎಂದ. ಆಮೇಲೆ, "ನಾನು ಹೋದ್ರೆ ನಡುಗೋ ಬೆಕ್ಕಾಗುತ್ತೆ ಕಣೇ" ಎಂದ. ಆ ಮಾತಿಗೆ ನಾನು ಹೊರಟೆ.

ಅಡುಗೆಮನೆಯಲ್ಲಿ ರೇವತ್ತೆ ಮಣೆಯ ಮೇಲೆ ನೆಟ್ಟಗೆ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತರು. ಹಳೆಯ ಬೆಕ್ಕಿನ ಕಣ್ಣು ಎರಡು ಬೂದಿಯ ಬೊಟ್ಟಿನಂತಾಗಿತ್ತು. ನಾನು ಹಕ್ಕಿಗೆ ಬೆನ್ನು ಮಾಡಿ ಕೂತೆ. ಅವರ ಕಾಲುಂಗುರ ನೋಡಿದೆ, ಸೆರಗಿನ ಅಂಚು ನೋಡಿದೆ, ಕತ್ತಿನ ತಾಳಿಯವರೆಗೂ ಬಂದೆ. ಅಲ್ಲಿಂದ ಮೇಲೆ ಏರಲಾಗಲಿಲ್ಲ. ಹೇಗೋ ಒಮ್ಮೆ ಏರಿದಾಗ ಅವರ ನೋಟ ಹಕ್ಕಿಯನ್ನು ಹುಡುಕುತ್ತ ಗೋಡೆಯ ಮೇಲೆಲ್ಲ ಜಾರುತ್ತಿತ್ತು. ಅದರಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಮನೆಯಲ್ಲಿ ಬೇರೆ ಯಾರ ಕಣ್ಣನ್ನಾದರೂ ಕೇಳಬೇಕಿತ್ತು. ಕೇಳುವುದೆಂದರೆ ಬಾಯಿ ಬಿಡಬೇಕು. "ನಾಳೆ ಬರ್ತೀನಿ ಅತ್ತೆ" ಎಂದಷ್ಟೇ ಹೇಳಿ ಬಂದೆ.

ನಮ್ಮ ಮನೆಯಲ್ಲಿ ಗೋಧಿ ಬಣ್ಣದ ಒಂದು ಬೆಕ್ಕಿದೆ, ಬರೆದದ್ದಲ್ಲ, ನಿಜವಾದದ್ದು. ಅವತ್ತು ಮಧ್ಯಾಹ್ನ ಅದು ಬಚ್ಚಲ ಕಲ್ಲಿನ ಮೇಲೆ ಕೂತು, ನೀರು ಕುಡಿಯಲು ಬಂದ ಗುಬ್ಬಿಯನ್ನು ನೋಡುತ್ತಿತ್ತು. ರೆಪ್ಪೆ ಬಡಿತವಿಲ್ಲ, ಅಲುಗಾಟವಿಲ್ಲ, ಇಡೀ ಜಗತ್ತಿನಲ್ಲಿ ಆ ಗುಬ್ಬಿಯೊಂದೇ ಇರುವ ಹಾಗೆ. ಬೆಕ್ಕಿನ ಕಣ್ಣು ನೋಡಲು ನನಗೆ ಯಾವ ಸಂಕೋಚವೂ ಇಲ್ಲ. ನೋಡಿದೆ, ಮನಸ್ಸಿನಲ್ಲಿ ಇಟ್ಟುಕೊಂಡೆ. ಮರುದಿನ ಹೋಗಿ ಹಳೆಯ ಬೂದಿಗಣ್ಣು ಕೆರೆದು, ಹಳದಿ ಬಣ್ಣ ತುಂಬಿ, ನಡುವೆ ಕಪ್ಪು ಗೆರೆ ಎಳೆದೆ. ಅಕ್ಕಪಕ್ಕದ ಹೆಂಗಸರು ಬಂದು ನೋಡಿ, "ಅಬ್ಬಾ, ಆಚಾರ್ರ ಕೈಯಲ್ಲೂ ಇಂಥ ಕಣ್ಣು ಬಂದಿರಲಿಲ್ಲ" ಎಂದರು. ರೇವತ್ತೆ ನನ್ನ ಮಡಿಲಿಗೆ ಒಂದು ಸೇರು ಮಂಡಕ್ಕಿ ಸುರಿದರು. ಮನೆಗೆ ಬಂದಾಗ ಅಪ್ಪ, "ಯಾರ ಕಣ್ಣು ಕೇಳಿದೆ?" ಎಂದ. ನಾನು ಗೋಣಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನನಗೇ ಗೊತ್ತಿಲ್ಲ.

ಮರುದಿನ ಹಲ್ಲುಜ್ಜುತ್ತಿರುವಾಗಲೇ ಕರೆ ಬಂತು. ಓಡಿದೆ. ಹಕ್ಕಿ ಕಿಟಕಿಯ ಅಂಚಿಗೆ ಹೋಗಿ ಮುದುಡಿ ಅಂಟಿಕೊಂಡಿತ್ತು. ಒಂದು ರೆಕ್ಕೆ ಗೋಡೆ ಬಿಟ್ಟು ಈಚೆ ಬಂದು ಕಿಟಕಿಯ ಸರಳಿನ ಮೇಲೆ ಒರಗಿತ್ತು. ಹಿತ್ತಲಿನಿಂದ ಗಾಳಿ ಬಂದಾಗಲೆಲ್ಲ ಅದರ ಇದ್ದಿಲ ಪುಕ್ಕ ಅದುರುತ್ತಿತ್ತು. ಬರೆದ ಮೂರೂ ಕಾಲು ನಡುಗುತ್ತಿದ್ದವು. ಎದುರಿಗೆ ನನ್ನ ಬೆಕ್ಕು, ಕಣ್ಣು ಮಿಟುಕಿಸದೆ.

ಹಾಲೇಶಮಾವ ಸೌಟು ಹಿಡಿದುಕೊಂಡೇ ಒಳಗೆ ಬಂದಿದ್ದರು. ಅವರ ಕಾಲ ಬೆರಳ ಸಂದಿಯಲ್ಲಿ ಮರಳು. "ಏನವ್ವಾ ಮಂದಮ್ಮಾ, ಬೆಕ್ಕಿಗೆ ಬೆಕ್ಕಿನ ಕಣ್ಣೇ ಇಟ್ಟಿದೀಯಲ್ಲ! ಅದು ತಿನ್ನೋಕೆ ನೋಡ್ತಿದೆ, ಕಾಯೋಕಲ್ಲ. ಕಾಲೇಜಲ್ಲಿ ಇದೇನಾ ಕಲಿಸಿದ್ದು?"

ನೆರೆದವರು ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಹುಡುಗಿನ ಯಾಕೆ ಅಂತೀರಿ?" ರೇವತ್ತೆಯ ದನಿ ಸಣ್ಣಗಾಗಿತ್ತು.

"ಅನ್ನದೆ ಇನ್ನೇನು? ಹೋಗ್ಲಿ ಬಿಡು. ಇದ್ದಿಲ ಗೀಚು ಅದು. ಈ ದೀಪಾವಳಿಗೆ ಪೂರ್ತಿ ಗೋಡೆಗೆ ಸುಣ್ಣ ಹೊಡೆದ್ರೆ ಅಡುಗೆಮನೆ ಬೆಳಕಾದ್ರೂ ಆಗುತ್ತೆ." ಅವರು ಸೌಟು ಬೀಸುತ್ತ ಭಟ್ಟಿಗೆ ಹೋದರು. ಒಬ್ಬೊಬ್ಬರಾಗಿ ಹೆಂಗಸರೂ ಹೋದರು.

ನಾನು ಒದ್ದೆ ಬಟ್ಟೆಯಿಂದ ಬೆಕ್ಕಿನ ಕಣ್ಣು ಒರೆಸಿ ಹಾಕಿದೆ. ಹಕ್ಕಿಯ ನಡುಕ ನಿಂತಿತು. ಆದರೆ ಕಣ್ಣಿಲ್ಲದ ಬೆಕ್ಕು ಯಾರನ್ನು ಕಾಯುತ್ತದೆ? ನಾಳೆ ಬೆಳಗ್ಗೆಯ ಹೊತ್ತಿಗೆ ಹಕ್ಕಿ ಸರಳಿನಾಚೆ. ರೇವತ್ತೆ ಒಲೆಯ ಮುಂದೆ ಕೂತು, ಹೊತ್ತಿಸದ ಒಲೆಗೆ ಸುಮ್ಮನೆ ಸೌದೆ ಒಟ್ಟುತ್ತಿದ್ದರು. "ಅವರು ಹಾಗೇ ಮಂದಾ. ಅವತ್ತಿಂದ ಇದೇ ಮಾತು. ಗೀಚು, ಗೀಚು" ಎಂದರು. ಅವರ ಮುಖ ನೋಡಲಾರದೆ ನಾನು ಗೋಡೆ ನೋಡಿದೆ.

ಹಕ್ಕಿ ಮೊದಲು ಇದ್ದ ಜಾಗ ಆಗ ಕಣ್ಣಿಗೆ ಬಿತ್ತು. ಹಕ್ಕಿ ಎದ್ದು ಹೋದಲ್ಲಿ ಹಕ್ಕಿಯದೇ ಆಕಾರದ ಹಳೆಯ ಗೋಡೆ ಉಳಿದಿತ್ತು, ಕೆಮ್ಮಣ್ಣಿನ ಬಣ್ಣದ್ದು. ಅದರ ಸುತ್ತ ವರ್ಷವರ್ಷದ ಸುಣ್ಣ ಪದರ ಪದರವಾಗಿ ಏರಿ ದಪ್ಪಗೆ ನಿಂತಿತ್ತು. ಬೆರಳಿಟ್ಟು ನೋಡಿದೆ. ಕೊಕ್ಕಿನ ಸುತ್ತ, ಬಾಲದ ಒಂದೊಂದು ಗರಿಯ ಸುತ್ತ ಸುಣ್ಣ ಎಲ್ಲೂ ಒಳಗೆ ಹಾಯ್ದಿರಲಿಲ್ಲ. ಮೂರು ಕಾಲಿನ ನಡುವಿನ ಸಂದಿ ಅಕ್ಕಿಕಾಳಿನಷ್ಟು ಅಗಲ. ಅಲ್ಲೂ ಸುಣ್ಣವಿತ್ತು. ಅಂಥ ಸಂದಿಗೆ ಸುಣ್ಣದ ದಪ್ಪ ಕುಂಚ ಹೋಗುವುದಿಲ್ಲ. ಊದುಕಡ್ಡಿಯ ತುದಿಗೆ ಹತ್ತಿ ಸುತ್ತಿ, ಉಸಿರು ಬಿಗಿಹಿಡಿದು ಹಚ್ಚಬೇಕು. ಕುಂಚ ಹಿಡಿದು ಬೆಳೆದವಳು ನಾನು, ಇಂಥ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತು.

"ಅತ್ತೆ, ಇಲ್ಲಿ ಸುಣ್ಣ ಹೊಡೆಯೋದು ಯಾರು?"

"ಇನ್ಯಾರು, ಅವರೇ. ಆ ದಿನ ನನ್ನನ್ನ ಒಳಗೇ ಬಿಡಲ್ಲ. ಸುಣ್ಣ ಕಣ್ಣಿಗೆ ಹಾರುತ್ತೆ, ಆಚೆ ಕೂತ್ಕೋ ಅಂತಾರೆ."

ನಾನು ಎದ್ದು ಭಟ್ಟಿಗೆ ಹೋದೆ. ಹಾಲೇಶಮಾವ ಕಾದ ಮರಳಿಗೆ ಅಕ್ಕಿ ಸುರಿದು ಬೀಸಿ ಬೀಸಿ ಹುರಿಯುತ್ತಿದ್ದರು. ಅಕ್ಕಿ ಚಟಚಟ ಅರಳುತ್ತಿತ್ತು. ನಾನು ಅವರ ಕಾಲು ನೋಡುತ್ತ, "ಮಾವಾ, ನಿಮ್ಮ ಕಣ್ಣು ಬೇಕು" ಎಂದೆ. ಸದ್ದಿನಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ನನ್ನ ಜೀವನದಲ್ಲಿ ಅಷ್ಟು ಜೋರಾಗಿ ಅದಕ್ಕೆ ಮೊದಲು ಏನನ್ನೂ ಹೇಳಿದ ನೆನಪಿಲ್ಲ. "ಮಾವಾ! ಬೆಕ್ಕಿಗೆ ನಿಮ್ಮ ಕಣ್ಣು ಬೇಕು!"

ಸೌಟು ನಿಂತಿತು. "ನಂದಾ? ಹೊಗೆ ಕುಡಿದ ಕಣ್ಣಿದು. ಇದನ್ನಿಟ್ರೆ ನಿನ್ನ ಬೆಕ್ಕು ಕೆಮ್ಮುತ್ತೆ." ನಗಲು ನೋಡಿದರು. ನಾನು ಅಲ್ಲೇ ನಿಂತಿದ್ದೆ. ಮರಳಲ್ಲಿದ್ದ ಮಂಡಕ್ಕಿ ಕೆಂಪಾಗತೊಡಗಿತು. ಅವರು ಅದನ್ನು ಜರಡಿಗೆ ಎಳೆದು ಹಾಕಿ, ಕೈ ಕೊಡವಿ, ನನ್ನನ್ನು ದಾಟಿ ಒಳಗೆ ಹೋದರು. "ಏ, ನೀ ಹೋಗಿ ಭಟ್ಟಿ ಮುಂದೆ ಕೂತ್ಕೋ. ಗಿರಾಕಿ ಬಂದ್ರೆ ಕೂಗು. ಈ ಹುಡುಗಿಗೆ ಬಣ್ಣ ಅರೆಯೋ ಕಲ್ಲು ಎತ್ತಿಕೊಡಬೇಕಂತೆ" ಎಂದು ರೇವತ್ತೆಗೆ ಹೇಳಿದರು. ರೇವತ್ತೆ ಏನೂ ಕೇಳದೆ ಗೋಡೆ ಹಿಡಿದುಕೊಂಡು ಎದ್ದು ಹೋದರು.

ಮಾವ ಮಣೆಯ ಮೇಲೆ ಕೂರಲಿಲ್ಲ, ಮೂಲೆಯ ಮಂಡಕ್ಕಿ ಚೀಲಕ್ಕೆ ಒರಗಿ ನೆಲದಲ್ಲಿ ಕೂತರು. ನಾನು ಹಕ್ಕಿಗೆ ಬೆನ್ನು ಮಾಡಿ ಕೂತೆ. ಅವರ ಅಂಗೈಯ ಸುಟ್ಟ ಕಲೆ ನೋಡಿದೆ, ಅಂಗಿಯ ಗುಂಡಿ ನೋಡಿದೆ, ಗದ್ದದ ಬಿಳಿ ಕೂದಲು ನೋಡಿದೆ. ಅವರೂ ಹಕ್ಕಿಯನ್ನು ನೋಡದೆ ನನ್ನ ಬಣ್ಣದ ಚಿಪ್ಪುಗಳನ್ನು ನೋಡುತ್ತಿದ್ದರು. ಇಬ್ಬರಿಗೂ ಒಂದೇ ಕಷ್ಟ. ಅದು ಹೊಳೆದದ್ದೇ ನಾನು ಒಂದಿಷ್ಟು ಹತ್ತಿರ ಸರಿದು ಕೂತೆ.

"ಅದಕ್ಕೆ ಮೂರು ಕಾಲು ಯಾಕೆ ಗೊತ್ತಾ?" ಎಂದರು ಮಾವ.

"ಇಲ್ಲ ಮಾವ. ಕೇಳಿದ್ದೆ, ಹೇಳಲಿಲ್ಲ."

"ಮೊದಲು ಎರಡೇ ಬರೆದಿದ್ಲು. ನಾನು ಊಟಕ್ಕೆ ಬಂದೋನು, ಏನೇ ಇದು, ನಿನ್ನ ಹಕ್ಕಿ ಓಲ್ತಾ ಇದೆ, ಹೆಂಡ ಕುಡಿದಿದ್ಯಾ ಅಂತ ರೇಗಿಸ್ದೆ. ಎದ್ದು ಹೋದ್ಲು. ನಾನು ಅಳೋಕೆ ಹೋದ್ಲು ಅಂದ್ಕೊಂಡೆ. ಇನ್ನೊಂದು ಇದ್ದಿಲು ತಂದು ಇನ್ನೊಂದು ಕಾಲು ಎಳೆದು, ಈಗ ಬೀಳಿಸು ನೋಡೋಣ ಅಂದ್ಲು." ಹೇಳುತ್ತ ಹೇಳುತ್ತ ಅವರ ನೋಟ ನನ್ನ ಹೆಗಲು ದಾಟಿ ಗೋಡೆಗೆ ಹೋಗಿತ್ತು. "ಗೀಚು ಅಂತ ಬಾಯಿ ಮಾಡ್ದೆ, ನಿಜ. ಅವಳು ಹೋದ್ಮೇಲೆ ಈ ಮನೇಲಿ ಒಬ್ರಾದ್ರೂ ಅಳದೆ ಇರಬೇಕಿತ್ತಲ್ಲ ಮಗಾ. ಆಮೇಲೆ ಬಾಯಿಗೆ ಅದೇ ಅಭ್ಯಾಸ ಆಗೋಯ್ತು."

ನಾನು ಆಗ ಅವರ ಕಣ್ಣು ನೋಡಿದೆ. ನೋಡುತ್ತಲೇ ಇದ್ದೆ. ಭಟ್ಟಿಯ ಹೊಗೆಗೆ ಕೆಂಪಡರಿದ ಕಣ್ಣು. ಎಡದ ರೆಪ್ಪೆ ಅರ್ಧಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತ್ತು. ಆ ಕಣ್ಣುಗಳು ಹಕ್ಕಿಗೆ ಬಾ ಅನ್ನುತ್ತಿರಲಿಲ್ಲ, ಹೋಗಬೇಡ ಎಂದೂ ಅನ್ನುತ್ತಿರಲಿಲ್ಲ. ಸಂತೆಯಲ್ಲಿ ಆಡಲು ಬಿಟ್ಟ ಮಗುವಿನ ಮೇಲೆ, ವ್ಯಾಪಾರ ಮಾಡುತ್ತಲೇ ಒಂದು ಕಣ್ಣಿಟ್ಟಿರುತ್ತಾರಲ್ಲ, ಹಾಗಿದ್ದವು.

ತಿರುಗಿ ಕುಂಚ ಹಿಡಿದೆ. ಬಲಗಣ್ಣು ಒಂದೇ ಉಸಿರಿಗೆ ಬಂತು. ಎಡಗಣ್ಣಿಗೆ ಬಂದಾಗ ಕೈ ತಡೆಯಿತು. ಅಪ್ಪ ಬರೆದ ಯಾವ ಬೆಕ್ಕಿಗೂ ಕಣ್ಣು ಅರ್ಧ ಮುಚ್ಚಿದ್ದು ನಾನು ಕಂಡಿಲ್ಲ. ಪೂರ್ತಿ ತೆರೆದು ಬರೆದರೆ ಅದು ಮಾವನ ಕಣ್ಣಲ್ಲ. ಇದ್ದ ಹಾಗೆ ಬರೆದರೆ, ಹೇಳಿಕೇಳಿ ಇದು ಚಂಪಾಳ ಹಕ್ಕಿ, ಬೆಕ್ಕು ಕಣ್ಣು ಮಿಟುಕಿಸ್ತು ಎಂದು ಕೂಗಿ ಹಾರಿಯೇಬಿಟ್ಟರೆ? ನಾನು ಇದ್ದ ಹಾಗೇ ಬರೆದೆ. ರೆಪ್ಪೆಯನ್ನು ಅರ್ಧಕ್ಕೆ ಇಳಿಸಿ, ಅಡಿಯಲ್ಲಿ ಒಂದಿಷ್ಟು ಕೆಂಪು ಹಚ್ಚಿ, ಕುಂಚ ತೆಗೆದೆ.

ಏನೂ ಆಗಲಿಲ್ಲ. ಸರಳಿನ ಮೇಲಿನ ರೆಕ್ಕೆ ಗಾಳಿಗೆ ಒಮ್ಮೆ ಎದ್ದಿತು. ಮಾವ ಚೀಲ ಬಿಟ್ಟು ಮುಂದೆ ಬಾಗಿದರು. ನಾವು ನೋಡುತ್ತಿದ್ದರೆ ಅದು ಕದಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ಮುಖ ತಿರುಗಿಸಲು ಇಬ್ಬರಿಗೂ ಭಯ. ಕೊನೆಗೆ ಮಾವ, "ತಿರುಗು, ನಾನೂ ತಿರುಗ್ತೀನಿ" ಎಂದರು. ಇಬ್ಬರೂ ಒಲೆಯ ಕಡೆ ಮುಖ ಮಾಡಿ ಕೂತೆವು. ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಮಾವನ ಮಂಡಿಯ ಮೇಲಿನ ಬೆರಳು ಕುಣಿಯುತ್ತಿತ್ತು. ಬಟ್ಟೆ ಒಗೆಯುವ ಸದ್ದು ನಿಂತಾಗ ಇಬ್ಬರೂ ಒಟ್ಟಿಗೇ ತಿರುಗಿದೆವು.

ರೆಕ್ಕೆ ಗೋಡೆಯೊಳಗಿತ್ತು. ಹಕ್ಕಿ ತನ್ನ ಹಳೆಯ ಜಾಗಕ್ಕೇನೂ ಹೋಗಿರಲಿಲ್ಲ. ಕಿಟಕಿಯ ಅಂಚಿನಲ್ಲೇ, ಹಿತ್ತಲಿನ ಕಡೆಗೆ ಕೊಕ್ಕು ಮಾಡಿ, ಮೂರೂ ಕಾಲನ್ನು ಊರಿ ಕೂತಿತ್ತು, ಕಿಟಕಿಯಲ್ಲಿ ಕೂತು ಬೀದಿ ನೋಡುವ ಹುಡುಗಿಯ ಹಾಗೆ. ಮಾವ ಹೆಗಲ ಮೇಲಿನ ಟವೆಲಿನಿಂದ ಮುಖವನ್ನೆಲ್ಲ ಒಮ್ಮೆ ಉಜ್ಜಿಕೊಂಡರು. "ಅವಳಿಗೆ ಹೇಳಬೇಡ. ಇಷ್ಟು ವರ್ಷ ಬ್ಯಾಡ ಬ್ಯಾಡ ಅಂದಿದೀನಿ, ಈಗ ನಗ್ತಾಳೆ" ಎಂದು ಹೇಳಿ ಭಟ್ಟಿಗೆ ಹೊರಟರು.

ಅವರು ಆ ಕಡೆ ಹೋದಂತೆ ರೇವತ್ತೆ ಈ ಕಡೆ ಬಂದರು. ನೇರವಾಗಿ ಗೋಡೆಗೆ ಹೋಗಿ ಅಂಗೈಯನ್ನು ಹಕ್ಕಿಯ ಮೇಲಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕೈಯನ್ನು ಮೆಲ್ಲಗೆ ಬೆಕ್ಕಿನ ಕಡೆಗೆ ತಂದು, ಹಸಿ ಬಣ್ಣದ ಹತ್ತಿರ ನಿಲ್ಲಿಸಿ, "ಯಾರ ಕಣ್ಣು ಇಟ್ಟೆ?" ಎಂದು ಕೇಳಿದರು.

ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ವಿದ್ಯೆ. ಸುಮ್ಮನಿದ್ದೆ.

"ಎಡಗಣ್ಣು ಅರ್ಧ ಮುಚ್ಚಿದೆಯಾ?"

ನಾನು ಅವರ ಮುಖ ನೋಡಿದೆ.

"ಹೂಂ ಅತ್ತೆ."

ಅವರು ಒಲೆಯ ಮುಂದೆ ಹೋಗಿ ಕೂತು, ಬೆಳಗ್ಗೆಯಿಂದ ಒಟ್ಟಿಟ್ಟಿದ್ದ ಸೌದೆಗೆ ಕಡ್ಡಿ ಗೀರಿದರು. ಬೆಂಕಿ ಹತ್ತಿದ ಮೇಲೆ ಭಟ್ಟಿಯ ಕಡೆಗೆ ಮುಖ ಮಾಡಿ ದನಿ ಎತ್ತಿದರು.

"ರೀ, ಕೇಳಿಸ್ತಾ? ಹಕ್ಕಿ ಕಿಟಕಿ ಹತ್ರ ಬಂದಿದೆ. ಈ ದೀಪಾವಳಿಗೆ ಸುಣ್ಣ ಹೊಡೆಯೋವಾಗ ಹಳೇ ಗುರುತು ಮುಚ್ಚಬೇಡಿ. ಅಲ್ಲೂ ಬಿಟ್ಟು ಹೊಡೀರಿ, ಇಲ್ಲೂ ಬಿಟ್ಟು ಹೊಡೀರಿ. ಕಾಲಿನ ಸಂದಿ ಜೋಪಾನ."

ಭಟ್ಟಿಯಲ್ಲಿ ಮರಳು ಕೆದಕುವ ಸದ್ದು ನಿಂತುಹೋಯಿತು. ಆಮೇಲೆ ಸೌಟಿನ ಸದ್ದು ಮತ್ತೆ ಶುರುವಾಯಿತು, ಅಕ್ಕಿ ಒಂದೊಂದಾಗಿ ಅರಳತೊಡಗಿತು.